ಒಂಬತ್ತು ಚುಕ್ಕಿ ಮತ್ತು ನನ್ನ ಕನ್ನಡ

ಗಣಿತಕ್ಕೆ ಭಾಷೆಯ ಹಂಗಿಲ್ಲ ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಾರೂ ಉರ್ದುವಿನಲ್ಲಿ ಕಲಿತ ಲೆಕ್ಕವನ್ನು ಕನ್ನಡದಲ್ಲಿ ಕಲಿಸಿದವರಲ್ಲ. ನಾನು ಯಾದಗಿರಿಯಲ್ಲಿ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಹಸಿವೆಯಾದರೆ ಕನ್ನಡ, ಲೆಕ್ಕ ಬಂದರೆ ಉರ್ದು. ಏಕೀಕರಣವಾಗಿ ಪಾಠವೆಲ್ಲ ಕನ್ನಡಕ್ಕೆ ತಿರುಗಿದಾಗ ಎಲ್ಲರ ಜೊತೆ ನಾನೂ ಪೇಢೆ ತಿಂದೆ. ಅಷ್ಟರಲ್ಲಿ ನಾನು ಗಣಿತ ಕಲಿಸುತ್ತಿದ್ದ ಶಹಾಪುರದ ಶಾಲೆಗೆ ಮೈಸೂರು ಕಡೆಯಿಂದ ಹೊಸ ಹೆಡ್‌ಮಾಸ್ಟರು ಬಂದರು. ಬಂದು ವಾರವೂ ಆಗಿರಲಿಲ್ಲ, "ನಾಳೆ ನಿಮ್ಮ ಪಾಠ ನೋಡ್ತೀನಿ. ನೌಕರಿ ಖಾಯಂ ಆಗೋದಕ್ಕೆ ನಿಮ್ಮ ಕನ್ನಡದ ಬಗ್ಗೆ ವರದಿ ಕಳಿಸಬೇಕು" ಎಂದರು. ತಿಂದ ಪೇಢೆ ಗಂಟಲಿಗೆ ಬಂತು.

ಪಾಠ ವಿಕಲ್ಪದ್ದು: ಇಷ್ಟು ಬಿಂದುಗಳಿಂದ ಎಷ್ಟು ತ್ರಿಭುಜ ಎಳೆಯಬಹುದು ಎನ್ನುವ ಲೆಕ್ಕ. 'ಬಿಂದು, ರೇಖೆ, ತ್ರಿಭುಜ' ಎಂದು ಜಪಿಸುತ್ತಲೇ ಶಾಲೆಗೆ ಹೋದೆ. ಯಾವುದೋ ವ್ರತ ಹಿಡಿದಿದ್ದಾನೆಂದು ಎದುರಾದವರು ದಾರಿ ಬಿಟ್ಟರು. ಆದರೆ ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕುಳಿತದ್ದೇ ತಡ, ಬಿಂದು ಬಾಯಿಂದ ಹಾರಿಹೋಯಿತು. "ಶರಣಮ್ಮ, ಹಲಗಿ ಮ್ಯಾಲ ಒಂಬತ್ತು ಚುಕ್ಕಿ ಇಡು" ಎಂದುಬಿಟ್ಟೆ. ಪಕ್ಕದ ಸಗರ ಊರಿನ ಆ ಹುಡುಗಿಗೆ ಚುಕ್ಕಿ ಎಂದರೆ ರಂಗೋಲಿ. ಮೂರು ಸಾಲು, ಸಾಲಿಗೆ ಮೂರರಂತೆ ಅಂದವಾಗಿ ಇಟ್ಟಳು. ನಾನು ಹಲಗೆ ನೋಡಲೇ ಇಲ್ಲ. ಹೆಡ್‌ಮಾಸ್ಟರ ಹುಬ್ಬು ನೋಡುತ್ತಿದ್ದೆ. ಒಂಬತ್ತರಲ್ಲಿ ಮೂರನ್ನು ಆರಿಸುವ ಬಗೆಗಳು ಎಂಬತ್ನಾಲ್ಕು, ಆದ್ದರಿಂದ ತ್ರಿಭುಜವೂ ಎಂಬತ್ನಾಲ್ಕು ಎಂದು ಬರೆದೆ.

"ಅದ್ಹೆಂಗ್ರಿ ಸರ?" ಶರಣಮ್ಮ ಎದ್ದಳು. "ಒಂದ ಸಾಲಿನ್ಯಾಗಿನ ಮೂರು ಚುಕ್ಕಿ ಕೂಡ್ಸಿದ್ರ ಬರೇ ಗೆರಿ ಆಗ್ತದ. ಮೂಲಿ ಎಲ್ಲಿಂದ ತರ್ತೀರಿ?"

ಗಾಬರಿಗೆ ಬಾಯಲ್ಲಿ ಉರ್ದುವೇ ಹೊರಟಿತು: ಬಿಂದು ನುಕ್ತಾ ಆಯಿತು, ರೇಖೆ ಖತ್ ಆಯಿತು, ತ್ರಿಭುಜ ಮುಸಲ್ಲಸ್ ಆಯಿತು. ಅಡ್ಡ ಸಾಲು ಮೂರು, ಉದ್ದ ಸಾಲು ಮೂರು, ಮೂಲೆಯಿಂದ ಮೂಲೆಗೆ ಎರಡು. ಈ ಎಂಟನ್ನು ಕಳೆದರೆ ಉಳಿಯುವ ತ್ರಿಭುಜ ಎಪ್ಪತ್ತಾರು ಎಂದು ಒಂದೇ ಉಸಿರಿಗೆ ಉರ್ದುವಿನಲ್ಲಿ ಬಿಡಿಸಿಬಿಟ್ಟೆ. ನನ್ನಂತೆಯೇ ಉರ್ದುವಿನಲ್ಲಿ ಲೆಕ್ಕ ಕಲಿತುಬಂದ ಮಕ್ಕಳ ಮುಖ ಅರಳಿತು. "ಈಗ ತಿಳೀತ್ರಿ!" ಎಂದು ಶರಣಮ್ಮ ಕುಳಿತಳು.

ಇನ್ನು ಗಂಟುಮೂಟೆ ಕಟ್ಟುವುದೊಂದೇ ಬಾಕಿ ಎಂದುಕೊಂಡು ಹೆಡ್‌ಮಾಸ್ಟರ ಮುಂದೆ ನಿಂತೆ. ಅವರು ಕನ್ನಡಕ ಒರೆಸಿಕೊಂಡರು.

"ಮಕ್ಕಳಿಗೆ ಚೆನ್ನಾಗಿ ಅರ್ಥ ಆಯ್ತು. ಕೊನೇ ಭಾಗ ನಂಗೇ ಒಂದಕ್ಷರ ತಿಳೀಲಿಲ್ಲ. ನಿಮ್ಮ ಕಡೆಯ ಕನ್ನಡ ನಂಗಿನ್ನೂ ಹೊಸದು ನೋಡಿ. ಆ ಮುಸಲ್ಲಸ್ ಅನ್ನೋದು ಹಳಗನ್ನಡವೇ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಹೌದ್ರಿ" ಎಂಬುದು ಮೊದಲು ಹೊರಬಿತ್ತು.

ವರದಿ ಚೆನ್ನಾಗಿಯೇ ಹೋಯಿತು, ನೌಕರಿ ಖಾಯಂ ಆಯಿತು. ಆದರೆ ಇಂಥ ಪಂಡಿತರು ಬರೀ ಗಣಿತದಲ್ಲಿ ಕೊಳೆಯಬಾರದಂತೆ. ಹೆಡ್‌ಮಾಸ್ಟರು ವೇಳಾಪಟ್ಟಿ ಬದಲಿಸಿದ್ದಾರೆ: ಸೋಮವಾರದಿಂದ ಹಳಗನ್ನಡ ಪದ್ಯದ ತರಗತಿಯೂ ನನ್ನದೇ.