ಮೇಜಿನ ನಡುವಿನ ಕುರ್ಚಿ

ಓಡೆಲ್ ಪ್ರೂಯಿಟ್ ಮಗಳಿಗೆ ಮಾತು ಕೊಟ್ಟದ್ದೇ ಎಡವಟ್ಟಾಯಿತು. ಲಾಸ್ ಏಂಜಲೀಸಿನ ಒಂದು ಕಾರ್ಟೂನು ಸ್ಟುಡಿಯೋದಲ್ಲಿ ಅವನು ಹತ್ತು ವರ್ಷದಿಂದ ಪಾರದರ್ಶಕ ಹಾಳೆಗಳಿಗೆ ಬಣ್ಣ ತುಂಬುತ್ತಿದ್ದ. ಅಲ್ಲಿದ್ದ ಕಪ್ಪು ಜನಾಂಗದವನು ಅವನೊಬ್ಬನೇ. ಮನೆಮಂದಿಯೆಲ್ಲ ಕೂತು ಟರ್ಕಿ ಕೋಳಿ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟೀವಿಯಲ್ಲಿ ಪ್ರತಿ ವರ್ಷ ಬರುವ ಅವರ ಕಾರ್ಟೂನು ನೋಡಿ ಏಳು ವರ್ಷದ ಜೊನೆಟ್ಟಾ, "ಅಪ್ಪಾ, ಇದ್ರಲ್ಲಿ ನನ್ ತರದೋರು ಯಾರೂ ಇಲ್ವಾ?" ಎಂದು ಕೇಳಿದ್ದಳು.

"ಮುಂದಿನ್ ಸಲ ಇರ್ತಾಳೆ, ನೋಡ್ತಿರು" ಎಂದುಬಿಟ್ಟಿದ್ದ.

ಇದ್ದಳು ನಿಜ. ಈ ವರ್ಷ ಊಟದ ದೃಶ್ಯವನ್ನು ಹೊಸದಾಗಿ ಬರೆದು ಒಬ್ಬ ಕಪ್ಪು ಹುಡುಗಿಯನ್ನು ಸೇರಿಸಿದ್ದರು. ಉಳಿದ ಮಕ್ಕಳೆಲ್ಲ ಮೇಜಿನ ಸುತ್ತ ಕೂತಿದ್ದರೆ, ಅವಳು ಮೂಲೆಯ ಸ್ಟೂಲಿನ ಮೇಲೆ, ತಟ್ಟೆ ತೊಡೆಯ ಮೇಲೆ. ಒಂದು ಬೆಳಿಗ್ಗೆ ಅದನ್ನು ಕಂಡ ಓಡೆಲ್ ಕುಂಚ ಕೆಳಗಿಟ್ಟ. ನೆಟ್ಟಗೆ ನಿರ್ದೇಶಕ ಮಾರ್ವಿನ್ ಹತ್ತಿರ ಹೋದ.

"ಆ ಮೂಲೆ ಖಾಲಿ ಬಿದ್ದಿತ್ತಯ್ಯಾ. ಬೇರೆ ಉದ್ದೇಶ ಏನೂ ಇಲ್ಲ."

"ಯಾರ ಉದ್ದೇಶಾನೂ ಇಲ್ದೇನೇ ನಾವು ಮೂಲೆ ಸೇರ್ತೀವಿ ಸಾರ್. ನನ್ ಮಗಳು ನೋಡ್ತಾಳೆ."

ಮಾರ್ವಿನ್ ಮುಖ ಸಣ್ಣದಾಯಿತು. ಅವನು ಒಳ್ಳೆಯವನು, ಬಂದ ತೊಂದರೆಯೆಲ್ಲ ಅದರಿಂದಲೇ. "ನಟ್ಟ ನಡುವೆ ಕೂರಿಸೋಣ. ಆದ್ರೆ ಹಾಳೆಗಳೆಲ್ಲ ಇವತ್ತು ಸಂಜೆ ಐದಕ್ಕೆ ಕ್ಯಾಮೆರಾದವನ ಕೈಲಿರಬೇಕು."

ಇನ್ನೂರು ಹಾಳೆ. ಸಹಾಯಕ್ಕೆಂದು ಬಂದವರು ಹನ್ನೊಂದು ಹಾಳೆಗಳ ಮೇಲೆ ಕಾಫಿ ಚೆಲ್ಲಿದರು. ಉಳಿದವರು ಸಲಹೆ ಕೊಟ್ಟರು: "ಮೈಬಣ್ಣ ಒಂಚೂರು ತಿಳಿ ಮಾಡು", "ಬೇಡಪ್ಪ, ಮೇಜಿನ ಬಣ್ಣಕ್ಕೆ ಹೊಂದಿಸು". ಓಡೆಲ್ ಅಂಗಿಯ ತೋಳು ಮಡಚಿ ಮುಂಗೈಯನ್ನು ಬಣ್ಣದ ಬಟ್ಟಲಿನ ಪಕ್ಕ ಹಿಡಿದ. "ಇದೇ ಬಣ್ಣ."

ತಟ್ಟೆ, ಊಟದ ಚಿತ್ರ ಬಿಡಿಸುವ ಟ್ರೂಡಿ ಮಾತ್ರ ಮಧ್ಯಾಹ್ನ ಬಂದು ಭುಜ ತಟ್ಟಿದಳು. "ಮಗು ನಡುವೆ ಕೂತಿದೆ. ಅದರ ಮುಂದೆ ಬಡಕಲು ಟರ್ಕಿ ಕೋಳಿ ಇಟ್ರೆ ಮರ್ಯಾದೆ ಅಲ್ಲ. ದೊಡ್ಡದು ಬರೀತೀನಿ. ನಿನ್ ಮಗಳಿಗೆ ನನ್ ಕಡೆಯಿಂದ."

ಓಡೆಲ್‌ಗೆ ಕಣ್ಣು ತುಂಬಿ ಬಂತು. ಐದು ಹೊಡೆಯುವಾಗ ಕೊನೆಯ ಹಾಳೆ ಇನ್ನೂ ಹಸಿ. ಕ್ಯಾಮೆರಾದವನು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಚಿತ್ರ ತೆಗೆಯುತ್ತಿದ್ದ; ಯಾವುದರ ಮೇಲೆ ಯಾವುದು ಎಂಬ ಪಟ್ಟಿಯನ್ನು ಓಡೆಲ್ಲೇ ಗೀಚಿದ: ಕೆಳಗೆ ಮಕ್ಕಳು, ಮೇಲೆ ಊಟ. ಹತ್ತು ವರ್ಷದಿಂದ ಅವನು ಹಾಗೇ ಬರೆಯುತ್ತಿದ್ದ.

ಹಬ್ಬದ ಸಂಜೆ ಬೀದಿಯವರೆಲ್ಲ ಓಡೆಲ್ ಮನೆಯ ಟೀವಿ ಮುಂದೆ ಸೇರಿದರು. ಊಟದ ದೃಶ್ಯ ಬಂತು. ಮೇಜಿನ ನಟ್ಟ ನಡುವೆ ಹೊಗೆಯಾಡುವ ಭಾರೀ ಕೋಳಿ. ಅದರ ಹಿಂದೆ ಜಡೆಯ ರಿಬ್ಬನ್ನೊಂದರ ತುದಿ. ಅಷ್ಟೇ.

"ಅಪ್ಪಾ, ಅವಳೆಲ್ಲಿ?"

"ಕೋಳಿ ಹಿಂದೆ ಇದಾಳೆ ಕಂದಾ. ಚೆನ್ನಾಗಿದಾಳೆ, ನಾನೇ ಬಣ್ಣ ಹಾಕ್ದೆ."

ಯಾರೂ ನಗಲಿಲ್ಲ. ಜೊನೆಟ್ಟಾ ಟೀವಿಯ ಹತ್ತಿರ ಹೋಗಿ ಪಕ್ಕದಿಂದ ಇಣುಕಿ ನೋಡಿದಳು.

"ಮುಂದಿನ್ ವರ್ಷದೊಳಗೆ ಅವರು ಆ ಕೋಳೀನ ತಿಂದು ಮುಗಿಸಿರ್ತಾರೆ, ಅಲ್ವಾ ಅಪ್ಪಾ?"

ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಇದೇ ರೀಲು ಓಡುತ್ತದೆಂದು ಓಡೆಲ್‌ಗೆ ಗೊತ್ತಿತ್ತು. ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ.