ನಿಧಾನದ ಟ್ರಂಪೆಟ್ಟು

ಇಡೀ ಕೋಲಾರ ಚಿನ್ನದ ಗಣಿಯಲ್ಲಿ ಟ್ರಂಪೆಟ್ ಊದಲು ಬಾರದವರು ಯಾರೆಂದು ಕೇಳಿದರೆ ಜನ ನಮ್ಮ ಚಿಕ್ಕಪ್ಪನನ್ನು ತೋರಿಸುತ್ತಿದ್ದರು. ಊದಲು ಬಾರದವರು ಸಾವಿರಾರು ಮಂದಿ ಇದ್ದರಲ್ಲ, ಅವನೊಬ್ಬನ ಮೇಲೇಕೆ ಕಣ್ಣು ಎನ್ನುತ್ತೀರಾ? ಉಳಿದವರು ಊದುತ್ತಿರಲಿಲ್ಲ, ಇವನು ಊದುತ್ತಿದ್ದ!

ಹಗಲು ಮೈಸೂರು ಮೈನ್ಸ್‌ನ ವರ್ಕ್‌ಶಾಪಿನಲ್ಲಿ ಫಿಟ್ಟರ್, ಕೆಲಸ ಬಿಟ್ಟ ಮೇಲೆ ರಾಬರ್ಟ್‌ಸನ್‌ಪೇಟೆಯ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್. ಹೀಗೆ ನೆಟ್ಟಗಿದ್ದವನು ಕೆಟ್ಟದ್ದು ಐವತ್ತರ ದಶಕದ ಒಂದು ಕ್ರಿಸ್‌ಮಸ್ಸಿನಲ್ಲಿ. ಊರಿಗಾಂನ ಕ್ಲಬ್ಬಿನಲ್ಲಿ ಗಣಿ ಕಂಪನಿಯ ಬಿಳಿ ದೊರೆಗಳ ಡ್ಯಾನ್ಸು. ಮದರಾಸಿನಿಂದ ಬಂದ ಯಾರೋ ಒಬ್ಬ ಟ್ರಂಪೆಟ್ ಊದಿದ್ದನ್ನು ಚಿಕ್ಕಪ್ಪ ಕಾಂಪೌಂಡಿನ ಆಚೆ ನಿಂತು ಕೇಳಿದ. ಆತ ಒಂದು ಸ್ವರ ಹಿಡಿದು, ಅದನ್ನು ಸಾಕಷ್ಟು ಮುದ್ದು ಮಾಡಿ, ಬಿಟ್ಟು, ಸುಮ್ಮನಿದ್ದು, ಆಮೇಲೆ ಮನಸ್ಸು ಬಂದಾಗ ಮುಂದಿನದಕ್ಕೆ ಹೋಗುತ್ತಿದ್ದನಂತೆ. ಅದಕ್ಕೆ ಜಾಜ್ ಎನ್ನುತ್ತಾರಂತೆ.

ನಮ್ಮಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿಗಳಿಗೆ ಹಳಿ ಬದಲಿಸಿ ಕೊಡುವ ಕೆಲಸ. ಗಡಿಯಾರ ನೋಡದೆ ಆಕಳಿಸಿದವನೂ ಅಲ್ಲ! ಹಬ್ಬಕ್ಕೆ ಮನೆಗೆ ಬಂದ ತಮ್ಮನನ್ನು ಕೇಳಿದ:

"ಏನ್ಲಾ ಅದು, ಜಾಜು ಅಂದ್ರೆ?"

"ಇರೋ ಪಾಟನ್ನ, ಅದೇ ಆಡನ್ನ, ನಮ್ ಮನ್ಸಿಗೆ ಬಂದಂಗೆ ಊದೋದಣ್ಣ."

"ಅದನ್ನ ನಾವು ತಪ್ಪು ಊದೋದು ಅಂತೀವಿ ಕಣ್ಲಾ!"

ಚಿಕ್ಕಪ್ಪ ನಕ್ಕ. ಆಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ತನ್ನ ಸಂಕಟ ಹೇಳಿಕೊಂಡ. "ಎಲ್ರೂ ಬೇಗ ಊದು ಅಂತಾರೆ, ಜೋರಾಗಿ ಊದು ಅಂತಾರೆ, ಸಾಕು ನಿಲ್ಸು ಅಂತಾರೆ ಅಮ್ಮಣ್ಣಿ. ಇಂಗೇ ನಿದಾನಕ್ಕೆ ಇನ್ನೊಂಚೂರು ಊದು ಅಂತ ಯಾರಾನಾ ಒಬ್ರು ಅನ್ಬೇಕು. ಆಮೇಲೆ ಈ ಪೀಪಿ ಬಾವಿಗೆ ಬಿಸಾಕಿದ್ರೂ ಚಿಂತೆಯಿಲ್ಲ."

"ನಾನು ಅಂತೀನಲ್ಲ ಚಿಕ್ಕಪ್ಪ?"

"ನೀನು ಮಿಠಾಯಿ ಆಸೆಗೆ ಅಂತೀಯ. ಅದು ಲೆಕ್ಕಕ್ಕಿಲ್ಲ!"

ಅದೇ ಬ್ಯಾಂಡಿನಲ್ಲಿ ಇನ್ನೊಬ್ಬ ಟ್ರಂಪೆಟ್ಟಿನವನಿದ್ದ. ತಮಿಳಿನವನು, ಒಳ್ಳೆಯ ಮನುಷ್ಯ, ಆದರೆ ಬೆರಳುಗಳಿಗೆ ದೆವ್ವ ಹಿಡಿದಿತ್ತು. ಅವನು ಊದುವಾಗ ಬೆರಳು ಕಾಣುತ್ತಿರಲಿಲ್ಲ. ಎಂಥ ಕಷ್ಟದ ಪಾಟನ್ನೂ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿ, ಮೀಸೆ ಒರೆಸಿಕೊಂಡು, "ಎನ್ನಪ್ಪಾ, ನೀನಿನ್ನೂ ಪಲ್ಲವಿಯಲ್ಲೇ ಇದ್ದೀಯಾ?" ಎಂದು ಚಿಕ್ಕಪ್ಪನನ್ನು ಕೆಣಕುತ್ತಿದ್ದ. ಇದ್ದದ್ದೂ ನಿಜ, ಪಲ್ಲವಿಯಲ್ಲೇ ಇರುತ್ತಿದ್ದ.

ಒಂದು ಮದುವೆಯಲ್ಲಿ ಇದು ವಿಪರೀತಕ್ಕೆ ಹೋಯಿತು. ಮೆರವಣಿಗೆಯಲ್ಲಿ ಬ್ಯಾಂಡಿನವರು ಮುಂದೆ, ಮದುಮಗ ಹಿಂದೆ. ಬ್ಯಾಂಡನ್ನು ದಾಟಿ ಮದುಮಗ ಮುಂದೆ ಹೋಗುವಂತಿಲ್ಲ. ಅಂದಿನ ಮುಖ್ಯ ಪಾಟು ಚಿಕ್ಕಪ್ಪನ ಪಾಲಿಗೆ ಬಂದಿತ್ತು. ಪೇಟೆ ಬೀದಿಯ ನಟ್ಟನಡುವೆ ಅವನು ಒಂದು ಸ್ವರ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟ. ಮೆರವಣಿಗೆಯೂ ನಿಂತಿತು! ಛತ್ರದಿಂದ ಹೆಣ್ಣಿನ ತಂದೆ ಪಂಚೆ ಎತ್ತಿಕೊಂಡು ಓಡಿ ಬಂದ.

"ಅಯ್ಯಾ ಪುಣ್ಯಾತ್ಮ, ಮೂರ್ತ ಮೀರೋಯ್ತದೆ, ಬಿರ್‍ರನೆ ಊದಯ್ಯಾ!"

ಚಿಕ್ಕಪ್ಪ ಒಂದು ಕಣ್ಣು ಮಾತ್ರ ತೆರೆದ. "ಬಿರ್‍ರನೆ ಊದಿದ್ರೆ ಅದು ಪಾಟಲ್ಲ ಸ್ವಾಮಿ, ಗಣಿ ಸೈರನ್ನು."

ಕೊನೆಗೆ ತಮಿಳಿನವನು ಮುಂದೆ ಬಂದು ಎಂಥದೋ ಊದಿದ ನೋಡಿ, ಮದುಮಗ ಪೇಟ ಹಿಡಿದುಕೊಂಡು ಛತ್ರದವರೆಗೂ ಓಡಬೇಕಾಯಿತು. ಮದುವೆ ಸಕಾಲಕ್ಕೆ ಆಯಿತು. ಚಿಕ್ಕಪ್ಪನನ್ನು ಹಿಂದಿನ ಸಾಲಿಗೆ ಹಾಕಿದರು.

ಅಷ್ಟರಲ್ಲಿ ಕ್ಲಬ್ಬಿನ ಬ್ಯಾಂಡಿನಲ್ಲಿ ಟ್ರಂಪೆಟ್ಟಿನ ಜಾಗ ಖಾಲಿಯಾಯಿತು. ಇವರಿಬ್ಬರನ್ನೂ ಊದಿ ತೋರಿಸಲು ಕರೆದರು. ಚಿಕ್ಕಪ್ಪ ವಾರವೆಲ್ಲ ಹುಣಸೆಹಣ್ಣು ಹಾಕಿ ಟ್ರಂಪೆಟ್ ತಿಕ್ಕಿದ, ಯಾರದೋ ಕೋಟು ಕೇಳಿ ತಂದ. ತಮಿಳಿನವನು ಎಂದಿನಂತೆ ಬಿರುಗಾಳಿ ಎಬ್ಬಿಸಿದ. ಬ್ಯಾಂಡಿನ ಮುಖ್ಯಸ್ಥ, ಒಬ್ಬ ಆಂಗ್ಲೋ ಇಂಡಿಯನ್ ದೊರೆ, ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಚಿಕ್ಕಪ್ಪನ ಸರದಿ ಬಂತು. ಒಂದು ಸ್ವರ ಊದಿದ. ಅದು ಹೊರಗಿನ ನೀಲಗಿರಿ ಮರಗಳವರೆಗೂ ಹೋಯಿತು. ಟ್ರಂಪೆಟ್ ಇಳಿಸಿ ಸುಮ್ಮನೆ ನಿಂತ. ದೊರೆ ಕಾದ, ಕೆಮ್ಮಿದ, ಕಡೆಗೆ ಕೇಳಿದ: "ಮುಂದೆ?"

"ಬತ್ತದೆ ಸಾರ್, ಇರಿ!"

ಬರುವವರೆಗೂ ದೊರೆ ಕಾಯಲಿಲ್ಲ. "ನಿನ್ನಲ್ಲಿ ಪಾಟಿದೆ, ಬೆರಳಿಲ್ಲ. ಡ್ಯಾನ್ಸ್ ಆಡುವವರಿಗೆ ಬೆರಳು ಬೇಕಪ್ಪ" ಎಂದು ಬೆನ್ನು ತಟ್ಟಿ ಕಳಿಸಿದ. ಜಾಗ ತಮಿಳಿನವನಿಗೆ ಸಿಕ್ಕಿತು. ಆದರೆ ಗಣಿ ಸರ್ಕಾರದ ಕೈಗೆ ಬಂದ ಮೇಲೆ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು, ಡ್ಯಾನ್ಸು ನಿಂತಿತು, ಬ್ಯಾಂಡು ಚದುರಿತು. ತಮಿಳಿನವನು ಮದುವೆ ಬ್ಯಾಂಡಿಗೇ ವಾಪಸು ಬಂದ. ಚಿಕ್ಕಪ್ಪ ಮಾತ್ರ ಸಂಜೆ ಕೆಲಸ ಬಿಟ್ಟ ಮೇಲೆ ಆ ಕಾಂಪೌಂಡಿನ ಬಳಿ ಹೋಗಿ ನಿಲ್ಲುತ್ತಿದ್ದನಂತೆ. ಒಳಗೆ ಯಾರೂ ಇಲ್ಲ, ಏನು ಕೇಳುತ್ತಿದ್ದನೋ! ಅವನು ತೀರಿಕೊಂಡು ಎಷ್ಟೋ ಕಾಲವಾಯಿತು. ಅವನ ಆ ಒಂಟಿ ಸ್ವರ ಮತ್ತೊಮ್ಮೆ ಕೇಳಬೇಕೆಂದು ಈಗ ನನ್ನ ಜೀವ ಎಳೆಯುತ್ತದೆ.

ಅವನು ಇನ್ನೂ ಇದ್ದಾಗಲೇ, ಅರವತ್ತರ ದಶಕದಲ್ಲಿ, ಬಂಗಾರಪೇಟೆಯಲ್ಲಿ ನನ್ನ ಮದುವೆಯಾಯಿತು. ಅಪ್ಪ ತಮಿಳಿನವನ ಬ್ಯಾಂಡನ್ನೇ ಗೊತ್ತು ಮಾಡಿ ತಮ್ಮನಿಗೆ ಅಪ್ಪಣೆ ಮಾಡಿದ: "ನೀನು ಬಾ. ನಿನ್ ಪೀಪಿ ಬರೋದು ಬ್ಯಾಡ." ಅವನು ತಲೆಯಾಡಿಸಿ, ತನ್ನನ್ನೂ ಪೀಪಿಯನ್ನೂ ಎರಡನ್ನೂ ತಂದ. ಧಾರೆ ಮುಗಿದದ್ದೇ ಬ್ಯಾಂಡಿನವರು ಇನ್ನೊಂದು ಮದುವೆಗೆ ಹೊರಟುಹೋದರು. ಸಂಜೆ ಗಾಡಿಗೆ ನನ್ನನ್ನು ಗಂಡನ ಮನೆಗೆ ಕಳಿಸಬೇಕು. ಹೆಣ್ಣನ್ನು ಸ್ಟೇಷನ್ನಿಗೆ ಸದ್ದಿಲ್ಲದೆ ನಡೆಸಿಕೊಂಡು ಹೋಗುವುದುಂಟೇ? ಅಪ್ಪ ಬೇರೆ ದಾರಿ ಕಾಣದೆ, "ಊದು, ಆದ್ರೆ ನೆಟ್ಗೆ ಊದು" ಎಂದ.

ಚಿಕ್ಕಪ್ಪ ಮುಂದೆ, ನಾವೆಲ್ಲ ಹಿಂದೆ. ಅವನು ಊದಿದಂತೆ ಹೆಜ್ಜೆ ತಾನಾಗಿ ಸಣ್ಣದಾಯಿತು. ಅಮ್ಮ ನನ್ನ ಕೈ ಬಿಡಲಿಲ್ಲ. ಸ್ಟೇಷನ್ನು ಕಾಣಿಸುವ ತಿರುವಿನಲ್ಲಿ ಸಿಗ್ನಲ್ ಬಿತ್ತು. "ಬೇಗ ನಡೀರಿ, ಗಾಡಿ ಬಂತು" ಎಂದು ಗಂಡಿನ ಕಡೆಯವರು ಗಡಿಬಿಡಿ ಮಾಡಿದರು. ಚಿಕ್ಕಪ್ಪ ಅಣ್ಣನ ಮುಖ ನೋಡಿ ಹೆದರಿದ. ಹುಟ್ಟಿದಾರಭ್ಯ ಮಾಡದಿದ್ದ ಕೆಲಸ ಮಾಡಿದ. ಬಿರಬಿರನೆ ಊದತೊಡಗಿದ!

ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಅವನ ಭುಜದ ಮೇಲೆ ಕೈಯಿಟ್ಟ.

"ಲೇ, ನಿದಾನಕ್ಕೆ ಊದೋ. ಮುಂಚೆ ಊದ್ತಿದ್ಯಲ್ಲ, ಅಂಗೆ. ಇನ್ನೊಂಚೂರು ಊದು."

"ಅಣ್ಣಾ... ಗಾಡಿ ಓಗ್ಬಿಡ್ತದೆ."

"ಓಗ್ಲಿ ಬಿಡ್ಲಾ. ನಾಳೆ ಇನ್ನೊಂದು ಬತ್ತದೆ."

ಚಿಕ್ಕಪ್ಪ ಅಂಗಿಯ ತೋಳಿಗೆ ತುಟಿ ಒರೆಸಿಕೊಂಡ. ಆಮೇಲೆ ಊದಿದ, ಒಂದು ಸ್ವರ, ಅದಾದ ಮೇಲೆ ಇನ್ನೊಂದು. ಅಪ್ಪ ಅವನ ಪಕ್ಕದಲ್ಲೇ ತಲೆ ತಗ್ಗಿಸಿಕೊಂಡು ನಡೆದ. ಆ ಕಡೆ ಗಾಡಿ ಬಂದು, ನಿಂತು, ಕೂಗಿ, ಹೊರಟುಹೋಯಿತು. ಅಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಆ ರಾತ್ರಿ ನಾನು ನಮ್ಮ ಮನೆಯಲ್ಲೇ ಮಲಗಿದೆ.