ಪಾಟಿಯೊಳಗಿನ ಮದುವಿ ಯಾದಿ

ನಮ್ಮ ಪಾಟಿ ಮಂದಿ ಎಲ್ಲಿ ಕೂಡಿದ್ರೂ ಏನರ ಒಂದು ಫಜೀತಿ ಆಗೂದ. ಆಗಲಿಲ್ಲಂದ್ರ ಅವತ್ತ ಯಾರೋ ಬಂದಿಲ್ಲಂತ ತಿಳಕೋಬೇಕು.

ಪಾಟಿ ಅಂದ್ರ ಸಾಲಿ ಹುಡುಗರ ಪಾಟಿ ಅಲ್ಲ. ಅಂಗೈಯಾಗ ಕೂಡೂವಂಥಾ ಸಣ್ಣ ಕಂಪ್ಯೂಟರ್. ಪ್ಲಾಸ್ಟಿಕ್ ಕಡ್ಡಿಲೆ ಗಾಜಿನ ಮ್ಯಾಲ ಬರದ್ರ ಇಂಗ್ಲಿಷ್ ಅಕ್ಷರ ಮೂಡತಾವ, ಕನ್ನಡಾನೂ ಅದರಾಗ ಬರೀಬೇಕು. ನಾ ಅಂಕಲಿ ಕಡೆ ಸಕ್ಕರಿ ಫ್ಯಾಕ್ಟರಿಯ ಕಬ್ಬಿನ ಸರ್ವೆದಾಗ ಇದ್ದಾಗ ಇದನ್ನ ಕೊಟ್ಟಿದ್ರು. ಮುಂದ ಮೊಬೈಲ್ ಬಂತು, ಕಂಪನಿಯವ್ರು ಇದನ್ನ ಮಾಡೂದ ನಿಲ್ಲಿಸಿದ್ರು, ಫ್ಯಾಕ್ಟರಿಯವ್ರು ರದ್ದಿಗೆ ಹಾಕಿದ್ರು. ನಾ ಬಿಡಲಿಲ್ಲ. ಕುಡಚಿ ಸ್ಟೇಷನ್ ಹತ್ರ ಗಡಿಯಾರ ರಿಪೇರಿ ಮಾಡೂ ಚಾಚಾನೂ ಬಿಡಲಿಲ್ಲ. ಅಥಣಿ ಹೈಸ್ಕೂಲಿನ ವಿಜ್ಞಾನದ ಅಕ್ಕೋರೂ ಬಿಡಲಿಲ್ಲ. ನಿಪ್ಪಾಣಿ, ರಾಯಬಾಗ ಕಡೆ ಇನ್ನೂ ಏಳೆಂಟ ಮಂದಿ ಅದಾರ. ತಿಂಗಳಿಗೊಂದು ರವಿವಾರ ಚಾಚಾನ ಅಂಗಡ್ಯಾಗ ಕೂಡ್ತೇವಿ. ಸತ್ತ ಪಾಟಿ ಬಿಚ್ಚಿ, ಅದರ ಗಾಜು, ಸ್ಪ್ರಿಂಗ್ ತಗದು ಬದುಕಿದ್ದಕ್ಕ ಹಾಕ್ತೇವಿ. ಮಂದಿ ನಗ್ತಾರ. ನಗಲಿ. ನನಗೇನ ಸಿಟ್ಟಿಲ್ಲ. ನಾ ಸಿಟ್ಟಿನ ಮನುಷ್ಯಾನ ಅಲ್ಲ.

ನಲವತ್ತೇಳು

ಈ ಪಾಟಿಗೆ ಒಂದ ಚಟ ಐತಿ. ಸೆಲ್ ಬದಲಿ ಮಾಡುವಾಗ ಒಂದ ನಿಮಿಷದೊಳಗ ಹೊಸಾವು ಹಾಕಬೇಕು. ತಡ ಆತೋ, ಒಳಗಿದ್ದದ್ದೆಲ್ಲಾ ಮರತ ಬಿಡತೈತಿ.

ಚಾಚಾ ತನ್ನ ಮಗಳ ನಿಕಾಹಕ್ಕ ಕರಿಯೂವ್ರ ಯಾದಿ ಪೂರಾ ಪಾಟಿಯೊಳಗ ಬರದಿಟ್ಟಿದ್ದ. "ಕಾಗದದ ಮ್ಯಾಲ ಬರೀರಿ" ಅಂತ ಚಾಚಿ ಬಡಕೊಂಡ್ಳು. "ಕಾಗದಾ ಇಲಿ ತಿಂತಾವ" ಅಂದ ಈತ. "ಹಂಗಾರ ಕೇಳ್ರಿ, ನನ್ನ ತವರಮನಿಯವ್ರು ಒಬ್ಬರು ತಪ್ಪಿದ್ರೂ ನಿಮ್ಮನ್ನ ಮದುವಿ ಹಾಲ್‌ನಾಗ ಕಾಲಿಡಾಕ ಬಿಡೂದಿಲ್ಲ" ಅಂತ ಹೇಳಿ ಹೋದ್ಳು. ಚಾಚಿ ಹೇಳಿದ್ದ ಮಾಡಾಕೀನ.

ಆ ರವಿವಾರ ಚಾಚಾ ಸೆಲ್ ತಗದ. ನಿಮಿಷ ಎಣಸೂದು ಹೆಂಗ? ಗ್ವಾಡಿ ತುಂಬ ಗಡಿಯಾರ, ಒಂದರ ಟೈಮ್ ಇನ್ನೊಂದಕ್ಕ ಕೂಡೂದಿಲ್ಲ. ಅದಕ್ಕ ನಾ ಬಾಯಿಲೆ ಎಣಸಾಕ ಹತ್ತಿದೆ. ಅಷ್ಟರಾಗ ಗಿರಾಕಿಯೊಬ್ಬ ಬಂದು, "ಟೈಮ್ ಎಷ್ಟಾತ್ರಿ?" ಅಂದ.

"ನಲವತ್ತೇಳು!" ಅಂತ ಚೀರಿದೆ ನಾ.

ಆ ಮನುಷ್ಯಾ ನನ್ನ ನೋಡಿದ, ಗ್ವಾಡಿ ನೋಡಿದ. ರಿಪೇರಿಗೆ ಕೊಡಾಕ ಬಿಚ್ಚಿದ ವಾಚ್ ಹೊಳ್ಳಿ ಕೈಗೆ ಕಟಗೊಂಡ ಹೋದ.

ಟಾವೆಲ್ಲಿನ ಕೆಳಗ

ಅವತ್ತ ಯಾದಿ ಉಳೀತು. ಖರೆ ಚಾಚಾಗ ಒಂದ ಪಾಟಿ ಮ್ಯಾಲ ಭರೋಸಾ ಉಳೀಲಿಲ್ಲ. ನಾ ಟ್ರೇನಿಗೆ ಕಾಯ್ಕೋತ ಕುಂತಾಗ ಪ್ಲಾಟ್‌ಫಾರ್ಮಿಗೆ ಓಡಿ ಬಂದು, "ಸಾಹೇಬ್ರ, ಒಂದ ನಕಲು ನಿಮ್ಮ ಪಾಟಿಯೊಳಗ ಇಟಗೋರಿ" ಅಂದ.

ಒಂದರಿಂದ ಇನ್ನೊಂದಕ್ಕ ಕಳಸಬೇಕಂದ್ರ ಎರಡೂ ಪಾಟಿ ಮೂಗಿಗೆ ಮೂಗು ಹಚ್ಚಿ ಹಿಡೀಬೇಕು. ಬಿಸಿಲಿದ್ರ ಹೋಗೂದಿಲ್ಲ. ಹಿಂಗಾಗಿ ಇಬ್ಬರೂ ತಲಿ ಮ್ಯಾಲ ನನ್ನ ಟಾವೆಲ್ ಹೊತಗೊಂಡ ಕುಂತ್ವಿ. ಐದ ನಿಮಿಷಕ್ಕ ಯಾರೋ ಲಾಠೀಲೆ ಟಾವೆಲ್ ಎತ್ತಿದ್ರು. ಪೊಲೀಸಪ್ಪ!

"ಏನ ನಡಸೀರಿ ಇಬ್ಬರೂ?"

"ಮಂದಿ ಕಳಸಾಕತ್ತೇನ್ರಿ" ಅಂದ ಚಾಚಾ.

"ಯಾವ ಮಂದಿ? ಎಲ್ಲಿಗೆ?"

"ನನ್ನ ಹೆಂಡತಿ ತವರಮನಿಯವ್ರನ್ರಿ. ಇವರ ಪಾಟಿಗೆ. ಅರ್ಧಾ ಹೋಗ್ಯಾರ, ಅತ್ತಿ, ಭಾವಗೋಳು ಬಾಕಿ ಅದಾರ."

ಪೊಲೀಸಪ್ಪ ಲಾಠಿ ಬಗಲಾಗ ಇಟಗೊಂಡ. ಆಮ್ಯಾಲ ತಾನ ನಮ್ಮ ತಲಿ ಮ್ಯಾಲ ಟಾವೆಲ್ ಸರಿಯಾಗಿ ಹೊದಿಸಿದ. "ಹಂಗಿದ್ರ ಪೂರಾ ಕಳಸೇ ಏಳ್ರಿ. ಅವರೊಳಗ ಒಬ್ಬರು ತಪ್ಪಿದ್ರ ಮನ್ಯಾಗ ಏನಾಕೈತಿ ನನಗ ಗೊತ್ತೈತಿ" ಅಂದ. ನನ್ನ ಟ್ರೇನ್ ಹೋಗಿತ್ತು.

ಅಕ್ಕೋರ ಅಲಾರ್ಮ್

ನಮ್ಮ ಮಂದ್ಯಾಗ ಒಂದ ನೇಮ ಐತಿ. ಇನ್ನೊಬ್ಬರು ಬರದದ್ದು ನಮ್ಮ ಪಾಟಿಯೊಳಗ ಇದ್ರ ಓದಬಾರದು, ಅಳಸಬಾರದು. ಇದನ್ನ ಅಕ್ಕೋರಷ್ಟು ಕಟ್ಟುನಿಟ್ಟಾಗಿ ಪಾಲಿಸೂವ್ರು ಯಾರೂ ಇಲ್ಲ.

ಅವರು ನಿಪ್ಪಾಣಿಯ ಹಳೇ ಸಾಮಾನಿನ ಮೋಡ್ಕಾ ಅಂಗಡ್ಯಾಗ ಒಂದ ಪಾಟಿ ತಂದ್ರು. ದಿನಾ ಸಂಜಿ ಐದಕ್ಕ ಅದು ಪೀಂ ಪೀಂ ಅಂತ ಒದರಿ, "ಅತ್ತೆಗೆ ಫೋನ್ ಮಾಡು" ಅಂತ ಗಾಜಿನ ಮ್ಯಾಲ ತೋರಸ್ತಿತ್ತು. ಯಾರೋ ಹಳೇ ಮಾಲಕಿ ಇಟ್ಟ ಅಲಾರ್ಮ್. ಅಳಸೂಹಂಗಿಲ್ಲ. ಫೋನ್ ಮಾಡೂತನಕಾ ಸುಮ್ಮನ ಕೂಡೂದಿಲ್ಲ ಅಂತ ತಿಳದು, ಅಕ್ಕೋರು ಜುಗೂಳದಾಗಿದ್ದ ತಮ್ಮ ಅತ್ತಿಗೆ ದಿನಾ ಫೋನ್ ಮಾಡಾಕ ಹತ್ತಿದ್ರು. "ನನ್ನ ಸೊಸಿ ಬಂಗಾರ" ಅಂತ ಅತ್ತಿ ಊರ ತುಂಬ ಹೇಳಿದ್ಳು.

ಒಂದಿನ ಸೆಲ್ ಇಳದು, ಪಾಟಿಗೆ ಒದರೂವಷ್ಟು ಕಸುವ ಇಲ್ಲದ ಅಲಾರ್ಮ್ ಆಗಲಿಲ್ಲ. ಮರುದಿನ ಮುಂಜಾನೆ ಮೊದಲನೇ ಬಸ್ಸಿಗೇ ಅತ್ತಿ ಹಾಜರ್! "ಯಾಕವಾ, ಆರಾಮಿಲ್ಲೇನ?" ಅಕ್ಕೋರಿಗೆ ಸುಳ್ಳ ಹೇಳಾಕ ಬರೂದಿಲ್ಲ. ಇದ್ದದ್ದ ಇದ್ದಂಗ ಹೇಳಿದ್ರು.

ಅತ್ತಿ ಎದ್ದ ಅಂಗಡಿಗೆ ಹೋಗಿ ಒಂದ ಡಜನ್ ಸೆಲ್ ತಂದ ಸೊಸಿ ಕೈಯಾಗ ಇಟ್ಳು. "ಇನ್ನೊಮ್ಮೆ ಮುಗೀಬಾರದು" ಅಂದ್ಳು.

ಒಂದಕ್ಷರ ಬಿಡಬ್ಯಾಡ್ರಿ

ಮದುವಿ ಹನ್ನೆರಡ ದಿನಾ ಐತಿ ಅನ್ನೂವಾಗ ಚಾಚಾನ ಫೋನ್ ಬಂತು. "ಸಾಹೇಬ್ರ, ನಾ ಸತ್ತೆ!"

ಆದದ್ದ ಇಷ್ಟ. ಪಾಟಿಯ ಹಳೇ ಸೆಲ್ ತಗದು ಹೊಸಾವು ಕೈಯಾಗ ಹಿಡದಿದ್ದ. ಅದ ಹೊತ್ತಿಗೆ ಗಿರಾಕಿಯೊಬ್ಬ ಬಂದ್ ಬಿದ್ದ ಗಡಿಯಾರ ಮುಂದಿಟ್ಟ. ನಲವತ್ತ ವರ್ಷದ ರೂಢಿ ನೋಡ್ರಿ, ಕೈಯಾಗಿನ ಸೆಲ್ ಗಡಿಯಾರಕ್ಕ ಹಾಕಿಬಿಟ್ಟ. ಗಡಿಯಾರ ಟಿಕ್ ಟಿಕ್ ಅಂತ ನಡೀತು. ಪಾಟಿ ಪೂರಾ ಮರತ ಕುಂತಿತ್ತು.

"ಅಳಬ್ಯಾಡೋ ಮಾರಾಯಾ, ನಕಲು ನನ್ನ ಕಡೆ ಐತಿ" ಅಂದೆ. ಹೇಳೂ ಹೊತ್ತಿಗೆ ನನ್ನ ಕಣ್ಣಾಗೂ ನೀರ ಬಂದಿತ್ತು, ಸುಳ್ಳ ಯಾಕ ಹೇಳ್ಲಿ.

ಪಾಟಿಗೆ ವೈರ್ ಹಚ್ಚೂವಂಥಾ ಹಳೇ ಕಂಪ್ಯೂಟರ್ ಇರೂದು ಅಕ್ಕೋರ ಮನ್ಯಾಗ ಮಾತ್ರ. ಅಥಣಿಗೆ ಓಡಿದೆ. "ಯಾದಿ ಓದಬ್ಯಾಡ್ರಿ ಅಕ್ಕೋರ, ನಮ್ಮ ನೇಮ ಗೊತ್ತೈತೆಲ್ಲ. ಮದುವಿ ಪತ್ರದ ಲಕೋಟಿಗೆ ಅಂಟಸೂ ಚೀಟಿ ಅಚ್ಚು ಹಾಕ್ರಿ. ಒಂದಕ್ಷರ ಬಿಟ್ರಿ ಅಂದ್ರ ನೋಡ್ರಿ ಮತ್ತ!"

"ಆತ್ರಿ ಕಾಕಾರ" ಅಂದ್ರು ಅಕ್ಕೋರು. ಓದಲಿಲ್ಲ. ಒಂದಕ್ಷರಾನೂ ಬಿಡಲಿಲ್ಲ.

ಚಾಚಿ, ಆಕಿ ಅಕ್ಕತಂಗಿಯರು ಕೂಡಿ ಚೀಟಿ ಅಂಟಸಿದ್ರು. ಅವರಿಗೆ ಉರ್ದು ಬರತೈತಿ, ಇಂಗ್ಲಿಷ್ ಅಕ್ಷರ ಬರೂದಿಲ್ಲ. ಲಕೋಟಿ ಊರೂರಿಗೆ ಹೋದುವು.

ಚಾಚಾ ಪ್ರತಿಯೊಬ್ಬರ ಹೆಸರಿನ ಕೆಳಗ ತನಗೂ ಬಡಸೂವ್ರಿಗೂ ನೆನಪಿರಲಿ ಅಂತ ಒಂದೊಂದು ಮಾತು ಬರದಿದ್ದ, ಅದೂ ಚೀಟಿ ಮ್ಯಾಲ ಅಚ್ಚಾಗಿತ್ತು ಅನ್ನೂದು ಮದುವಿ ದಿನಾ ಗೊತ್ತಾತು. ಚಾಚಿಯ ಹಿರೇ ಅಣ್ಣ ಲಕೋಟಿ ಹಿಡದ ಬಾಗಲಾಗ ನಿಂತಿದ್ದ: "ಗಡಿಯಾರ ಮೂರು ಸಲ ಫುಕಟ ರಿಪೇರಿ ಮಾಡಿದ್ರೂ ತಪ್ಪ ಹುಡಕಿ ಹೆಸರಿಡ್ತಾನ." ಅವನ ಹಿಂದ ರಾಯಬಾಗದಿಂದ ಬಂದ ಅವನ ಅಳಿಯಾ: "ಎರಡನೇ ಸಲ ಕೇಳಾಕ ನಾಚ್ತಾನ, ನೀವ ಬಡಸ್ರಿ." ಒಬ್ಬ ಮುದುಕಿಯದು: "ಮೊಣಕಾಲ ನೋವು, ಗಾದಿ ಕುರ್ಚಿ ಕೊಡ್ರಿ." ಒಬ್ಬರೂ ತಪ್ಪಿಸಲಿಲ್ಲ. ಅರ್ಧಾ ಮಂದಿ ಜಗಳಾ ಮಾಡಾಕ ಬಂದಿದ್ರು, ಅರ್ಧಾ ಮಂದಿ ಕಣ್ಣ ಒರಸ್ಕೋತ ಬಂದಿದ್ರು. ತವರಮನಿಯವ್ರು ಪೂರಾ ಬಂದದ್ದ ನೋಡಿ ಚಾಚಿ ಗಂಡನ್ನ ಒಳಗ ಬಿಟ್ಳು.

"ನಮ್ಮದೆಲ್ಲೈತಿ?" ಅಂತ ನಮ್ಮ ಮನಿಯಾಕಿನ್ನ ಕೇಳಿದೆ. ಎಂಟ ದಿನದಿಂದ ಲಕೋಟಿ ತನ್ನ ಚೀಲದಾಗ ಮುಚ್ಚಿಟ್ಟಿದ್ಳು. ನಕ್ಕೋತ ತಗದ ಕೊಟ್ಳು. ಚಷ್ಮಾ ಹಾಕಿ ಓದಿದೆ:

"ಸಿಟ್ಟಿನ ಮನುಷ್ಯಾ. ಹಸದ್ರ ಇನ್ನೂ ಜಾಸ್ತಿ. ಬಂದ ಕೂಡ್ಲೆ ಊಟಕ್ಕ ಕೂಡಸ್ರಿ."

"ಯಾರಲೇ ಸಿಟ್ಟಿನ ಮನುಷ್ಯಾ!" ಅಂತ ಒದರಿದೆ. ಹಾಲ್ ಪೂರಾ ನನ್ನ ಕಡೆ ಹೊಳ್ಳಿ ನೋಡ್ತು.

ಹೆಣಮಕ್ಕಳ ಕಡಿಂದ ಚಾಚಿ ಧ್ವನಿ ಬಂತು: "ಯಾ ಅಲ್ಲಾ! ಇವರನ್ನ ಇನ್ನೂ ಊಟಕ್ಕ ಕೂಡಸಿಲ್ಲೇನ?"